ಮಸಿ ಹತ್ತಿದ ಗಜ

ನಮ್ಮ ಮನೆಯ ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಿಗೆ ಒಂದು ಪರದೆ ಇದೆ. ಪರದೆಯ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಛಾಪಿನ ಬಟ್ಟೆ. ಬಟ್ಟೆ ವ್ಯಾಪಾರಿಯ ಮನೆಗೆ ಬರುವುದು ಯಾವಾಗಲೂ ಅಂಥದ್ದೇ. ಹೇಳಬೇಕಾದದ್ದು ಅದನ್ನು ತೂಗುಹಾಕಿದ ಸರಳಿನ ಬಗ್ಗೆ. ಕಿರುಬೆರಳು ದಪ್ಪದ ಕಬ್ಬಿಣದ ಸರಳು, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿಗೆ, ಮೈಮೇಲೆ ಸಾಲಾಗಿ ಸಣ್ಣ ಸಣ್ಣ ಗೀರು. ಒಂದು ತುದಿಯಲ್ಲಿ ಗೇಣುದ್ದ ಬೆಳ್ಳಗಿದೆ. ಉಳಿದದ್ದೆಲ್ಲ ರೊಟ್ಟಿ ಹಂಚಿನ ತಳದಷ್ಟು ಕರ್ರಗಿದೆ. ನನ್ನ ಹೆಂಡತಿ ನೀಲಮ್ಮ ಅದನ್ನು ಹುಣಸೆಹುಳಿಯಿಂದ ತಿಕ್ಕಿದ್ದಾಳೆ, ಬೂದಿಯಿಂದ ತಿಕ್ಕಿದ್ದಾಳೆ, ಒಂದು ಸಲ ಹಟಕ್ಕೆ ಬಿದ್ದು ಇಟ್ಟಂಗಿ ಪುಡಿಯಿಂದಲೂ ತಿಕ್ಕಿದ್ದಾಳೆ. ಮಸಿ ಹೋಗಿಲ್ಲ.

ಮೊನ್ನೆ ಹೊಸ ಸೊಸೆ ಅದನ್ನು ಬದಲಿಸಲು ಹೊರಟಳು. "ಮಾವಾರೆ, ಈಗ ಸ್ಪ್ರಿಂಗ್ ಬಂದಾವ್ರಿ. ಎರಡು ಮೊಳಿ ಹೊಡದು ಎಳದು ಸಿಗಿಸಿದ್ರ ಮುಗೀತು. ಈ ಕರಿ ಸರಳು ಯಾಕ್ರಿ ಇನ್ನ?"

ನಾನು ಬಾಯಿ ತೆಗೆಯುವ ಮೊದಲೇ ಒಳಗಿಂದ ನೀಲಮ್ಮ, "ಅದರ ತಂಟಿಗೆ ಹೋಗಬ್ಯಾಡವಾ. ನಿಮ್ಮ ಮಾವ ಬ್ಯಾಟಿ ಆಡಿದ ಗಜ ಅದು" ಅಂದಳು.

ಸೊಸೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ನಗಲಿ, ಪಾಪ. ಗೋಡೆಯ ಮೇಲೆ ಹಲ್ಲಿ ಕಂಡರೆ ಮಂಚದ ಮೇಲೆ ಕಾಲೆತ್ತಿಕೊಂಡು ಕೂಡುವ ಮಾವ ಬೇಟೆಯಾಡಿದ್ದ ಎಂದರೆ ಯಾರಿಗಾದರೂ ನಗು ಬರಬೇಕಾದದ್ದೇ. ಅದರಲ್ಲೂ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ತತ್ತಿ ಎಂಬ ಮಾತು ಕೂಡ ಹೊಸ್ತಿಲ ಹೊರಗೇ ಇರಬೇಕು. ಆದರೂ ನೀಲಮ್ಮ ಹೇಳಿದ್ದು ಖರೆ. ನಾನು ಜೀವನದಲ್ಲಿ ಒಂದೇ ಒಂದು ಚಿಗರಿ ಹೊಡೆದಿದ್ದೇನೆ. ಜಿಂಕೆ ಎಂದು ಪುಸ್ತಕದಲ್ಲಿ ಬರೆಯುತ್ತಾರಲ್ಲ, ನಮ್ಮ ಕಡೆಯ ಎರೆ ಹೊಲಗಳಲ್ಲಿ ಹಿಂಡು ಹಿಂಡಾಗಿ ಓಡಾಡುತ್ತಿದ್ದ ಅದನ್ನು ನಾವು ಚಿಗರಿ ಅನ್ನುತ್ತೇವೆ. ಆಗಿನ್ನೂ ಅದಕ್ಕೆ ಇಂದಿನಷ್ಟು ಬಿಗಿ ಕಾನೂನು ಇರಲಿಲ್ಲ. ಕಾನೂನು ಬಂದದ್ದು ಒಳ್ಳೆಯದೇ ಆಯಿತು, ನಾನು ಬಲ್ಲೆ.

ಮೊದಲು ಗಜದ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚಿತ್ತಾಪುರದಲ್ಲಿ ನಮ್ಮದು ನಮ್ಮಪ್ಪನ ಕಾಲದಿಂದ ಬಟ್ಟೆ ಅಂಗಡಿ. ಬಟ್ಟೆ ಅಳೆಯುವ ಕಬ್ಬಿಣದ ಕೋಲಿಗೆ ಗಜ ಅನ್ನುತ್ತಿದ್ದರು. ಆ ಅಳತೆಗೂ ಗಜವೇ ಹೆಸರು. ಒಂದು ಗಜಕ್ಕೆ ಹದಿನಾರು ಗಿರಹ. ಕೋಲಿನ ಮೇಲಿನ ಗೀರುಗಳೆಲ್ಲ ಗಿರಹದ ಗುರುತು. ಅಪ್ಪ ನನ್ನನ್ನು ಗಾದಿಯ ಮೇಲೆ ಕೂಡಿಸಿದ ಮೊದಲ ದಿನವೇ ಹೇಳಿದ ಪಾಠ ಒಂದೇ. ಬಟ್ಟೆ ಹರಿದುಕೊಟ್ಟ ಮೇಲೆ ಗಿರಾಕಿ "ಪೂರಾ ಅದ?" ಎಂದು ಕೇಳುತ್ತಾರೆ. ನಾವು "ಅದ" ಅನ್ನಬೇಕು. "ಆ ಒಂದು ಮಾತಿನ ಮ್ಯಾಲೆ ಅಂಗಡಿ ನಿಂತದ, ತಮ್ಮಾ. ಅದ ಅನ್ನೂಕ್ಕಿಂತ ಮೊದಲು ಇನ್ನೊಂದು ಬಟ್ಟು ಬಿಟ್ಟು ಹರಿ" ಎಂದಿದ್ದ ಅಪ್ಪ. ನಾನು ಹಾಗೆಯೇ ನಡೆದೆ. ಹೆಬ್ಬೆರಳು ಒತ್ತಿ ಬಟ್ಟೆ ಜಗ್ಗುವ ವಿದ್ಯೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೆ ಬರಲಿಲ್ಲ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ನನಗೆ ಬಾರದ ವಿದ್ಯೆಗಳ ಪಟ್ಟಿ ಉದ್ದವಿದೆ, ಅದರಲ್ಲಿ ಇದೂ ಒಂದು.

ನಾನು ವ್ಯಾಪಾರಕ್ಕೆ ಕೈಹಚ್ಚಿ ಕೆಲವು ವರ್ಷಕ್ಕೇ ಮೀಟರ್ ಬಂತು. ಸರಕಾರದ ಮನುಷ್ಯ ಬಂದು ಮುದ್ರೆಯೊತ್ತಿದ ಹೊಸ ಕೋಲು ಕೊಟ್ಟು, ಇನ್ನು ಗಜ ಹಿಡಿದರೆ ದಂಡ ಎಂದು ಹೇಳಿಹೋದ. ಊರೆಲ್ಲ ಗೊಂದಲ. ಆಡಕಿ ಕಡೆಯ ಒಬ್ಬ ಮುದುಕಿ ಬಟ್ಟೆಯ ಒಂದು ತುದಿಯನ್ನು ಮೂಗಿಗೆ ಹಿಡಿದು ಇನ್ನೊಂದನ್ನು ಚಾಚಿದ ಬೆರಳಿಗೆ ಎಳೆದು, "ನನ್ನ ಮೂಗಿನಿಂದ ಬಟ್ಟಿನ ತನಕ ಒಂದು ಗಜ. ನಿನ್ನ ಮೀಟರಿಗೆ ಸರಿ ಆಗೂಹಂಗ ಈ ವಯಸ್ಸಿನ್ಯಾಗ ನಾ ಕೈ ಉದ್ದ ಮಾಡ್ಕೊಳ್ಳಲೇನೋ?" ಎಂದು ಜಗಳಕ್ಕೆ ನಿಂತಿದ್ದಳು. ನನಗೂ ಒಳಗೊಳಗೆ ಬೇಜಾರೇ. ಯಾವ ವಸ್ತು ಎಷ್ಟು ಗಜ ದೂರವಿದೆ ಎಂದು ಕುಂತಲ್ಲಿಂದ ಹೇಳುವುದು ನನಗಿದ್ದ ಒಂದೇ ಜಾಣತನ. ಬಾವಿಕಟ್ಟೆ ಎಷ್ಟು, ಎದುರಿನ ಹೋಟೆಲಿನ ಬೆಂಚು ಎಷ್ಟು, ಎಲ್ಲ ಕಣ್ಣಳತೆ. ಮೀಟರ್ ಬಂದು ನನ್ನ ಕಣ್ಣೇ ಕೆಟ್ಟುಹೋಯಿತು. ಅಪ್ಪನ ಗಜ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿಕೊಂಡವರು ಇಮಾಮ ಚಾಚಾ. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡು ಕೂಡುತ್ತಿದ್ದ ದರ್ಜಿ. ನಮ್ಮಪ್ಪನಿಗಿಂತ ನಾಲ್ಕು ವರ್ಷ ಸಣ್ಣವರು. ಬಿಳಿ ಗಡ್ಡ, ಕಿವಿಗೆ ಸಿಕ್ಕಿಸಿದ ಸೂಜಿ, ಮತ್ತು ಹಲ್ಲು. ಹಲ್ಲಿನ ಮಾತು ಯಾಕೆಂದರೆ ಚಾಚಾ ದಾರವನ್ನು ಎಂದೂ ಕತ್ತರಿಯಿಂದ ಕತ್ತರಿಸಿದವರಲ್ಲ. ಬಾಯಿಗೆ ತಂದು ಕಟ್ ಎಂದು ಕಡಿಯುವರು. ಆ ಸದ್ದು ಕೇಳಿದರೆ ಒಂದು ಅಂಗಿ ಮುಗಿಯಿತು ಎಂದು ನಾನು ಒಳಗಿಂದಲೇ ತಿಳಿಯುತ್ತಿದ್ದೆ. ಹಲ್ಲು ಗಟ್ಟಿಯಿದ್ದವು, ಕಣ್ಣು ಇರಲಿಲ್ಲ. ಪೊರೆ ಬಂದು ಎರಡೂ ಕಣ್ಣು ಮಂಜಾಗಿದ್ದವು. ಕೈ ರೂಢಿಯಿಂದ ಹೊಲಿಯುತ್ತಿತ್ತು. ಸೂಜಿಗೆ ದಾರ ಹಾಕುವುದು ಮಾತ್ರ ಆಗುತ್ತಿರಲಿಲ್ಲ. ಅದಕ್ಕೆ ದಿನಾ ಅಂಗಡಿ ತೆರೆದ ಮೇಲೊಮ್ಮೆ, ಊಟದ ಮೇಲೊಮ್ಮೆ, ನಾನು ಹತ್ತು ಸೂಜಿಗೆ ದಾರ ಪೋಣಿಸಿ ಅವರ ಮುಂದಿನ ದಿಂಬಿಗೆ ಚುಚ್ಚಿಡುತ್ತಿದ್ದೆ.

ಅವರ ಮನೆಯಲ್ಲಿ ಒಂದು ಬಂದೂಕು ಇತ್ತು. ಬಾಯಿಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಬೆಳೆ ಕಾಯಲು ಲೈಸೆನ್ಸೂ ಇತ್ತು. ಅವರ ಅಪ್ಪ ಯಾರೋ ಜಾಗೀರದಾರರ ಹತ್ತಿರ ಶಿಕಾರಿಯಾಗಿದ್ದನಂತೆ. ಚಾಚಾ ಕೂಡ ಕಣ್ಣಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಚಿಗರಿ ತರುತ್ತಿದ್ದರು. ಬಂದೂಕಿಗೆ ಮದ್ದನ್ನು ಒಳಗೆ ತಳ್ಳಿ ಜಡಿಯಲು ಒಂದು ಸರಳು ಬೇಕು. ಅದಕ್ಕೂ ಗಜ ಎಂದೇ ಹೆಸರು, ನೋಡಿ! ಅವರ ಗಜವನ್ನು ಮೊಹರಂ ಹಬ್ಬದಲ್ಲಿ ಅಲಾಯಿ ಕುಣಿಯ ಬೆಂಕಿ ಕೆದಕಲು ಒಯ್ದವರು ತಿರುಗಿ ತಂದುಕೊಟ್ಟಿರಲಿಲ್ಲ. ನಮ್ಮಪ್ಪನ ಗಜವನ್ನು ನಳಿಗೆಗೆ ಇಳಿಸಿ ನೋಡಿದರು, ಮಾಡಿಸಿಟ್ಟಂತೆ ಕುಂತಿತು.

"ಸಣ್ಣ ಸಾವ್ಕಾರ್ರೆ, ಸರಕಾರ ಬ್ಯಾಡ ಅಂದಿದ್ದು ನಮ್ಮ ಬಂದೂಕ ಬೇಕು ಅಂತದ" ಎಂದು ನಕ್ಕರು. ಅಪ್ಪನ ವಸ್ತು ಹೀಗೆ ಹೋಯಿತಲ್ಲ ಎಂದು ನನಗೆ ತುಸು ಕಸಿವಿಸಿಯಾಯಿತು. ಆದರೂ ಕೊಟ್ಟೆ.

ಅವರು ಗಜ ಕೇಳಿದ್ದು ಸುಮ್ಮನೆ ಅಲ್ಲ ಎಂದು ನನಗೆ ತಿಳಿದದ್ದು ಮರುದಿನ. ಅವರ ಒಬ್ಬಳೇ ಮಗಳು ಜುಬೇದಾ ಬಸುರಿ. ಶಹಾಬಾದಿಗೆ ಕೊಟ್ಟಿದ್ದರು, ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದೆ ಎರಡು ಸಲ ನಿಂತ ಬಸಿರು ಉಳಿಯದೆ ಹೋಗಿತ್ತು. ಈ ಸಲ ಐದನೆಯ ತಿಂಗಳು, ಹೊಟ್ಟೆಯಲ್ಲಿ ಒಂದು ಅಗುಳೂ ನಿಲ್ಲುತ್ತಿಲ್ಲ. ಗಂಜಿ ಕೊಟ್ಟರೆ ವಾಂತಿ, ಹಾಲು ಕೊಟ್ಟರೆ ವಾಂತಿ. ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಕೇಳಿದರೆ ಒಂದೇ ಮಾತು: ಸಣ್ಣವಳಿದ್ದಾಗ ಅಬ್ಬಾ ತರುತ್ತಿದ್ದ ಚಿಗರಿ.

"ಕೂಸು ಹಗ್ಗದಂಗ ಆಗ್ಯಾಳ್ರಿ" ಎಂದರು ಚಾಚಾ, ಮಷಿನ್ ನಿಲ್ಲಿಸಿ. "ಕೈ ಹಿಡದ್ರ ಬಳಿ ಮೊಳಕೈ ತನಕ ಏರ್ತಾವ. ನನಗ ಕಣ್ಣಿಲ್ಲ. ನಿಮಗ ಅದಾವ."

"ನಾನಾ? ಚಾಚಾ, ನಾ ಒಂದು ಇಲಿ ಹೊಡದಂವ ಅಲ್ರಿ. ಊರಾಗ ಬ್ಯಾರೆ ಶಿಕಾರಿ ಮಂದಿ ಇಲ್ಲೇನು?"

"ಅದಾರ. ಆದ್ರ ಗುಂಡಿಗೇ ಸತ್ತದ್ದು ನಮಗ ನಡಿಯಂಗಿಲ್ರಿ. ಜೀವ ಇರಾಗ ಬಿಸ್ಮಿಲ್ಲಾ ಅಂದು ಛೂರಿ ಬೀಳಬೇಕು. ನಾ ಹೋಗಿ ಮುಟ್ಟೂದ್ರಾಗ ಸತ್ತಿತ್ತೋ ಇದ್ದಿತ್ತೋ, ನನಗ ಕಾಣಂಗಿಲ್ಲ. ಸತ್ತದ್ದಕ್ಕ ಜೀವ ಇತ್ತು ಅಂತ ಹೇಳೂ ಮಂದಿ ಭಾಳ ಅದಾರ. ನಿಮ್ಮ ಅಂಗಡ್ಯಾಗ ಮೂವತ್ತು ವರ್ಷ ಕುಂತೀನಿ. ಗಜ ಕಡಿಮಿ ಇದ್ದಾಗ ಅದ ಅಂದಿದ್ದು ನಾ ಕೇಳಿಲ್ಲ."

ಅವತ್ತು ಮಧ್ಯಾಹ್ನ ಊಟಕ್ಕೆ ಕುಂತಾಗ ನೀಲಮ್ಮನಿಗೆ ಹೇಳಿದೆ. ಬೈಯುತ್ತಾಳೆ, ಬೈದರೆ ನಾನು ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಬಸರಿ ಹೆಂಗಸು ಬಾಯಿಬಿಟ್ಟು ಕೇಳ್ಯಾಳ. ಇಲ್ಲ ಅನ್ನಬಾರದು. ಹೋಗಿ ಬರ್ರಿ. ಅತ್ತ್ಯಾರಿಗೆ ನಾ ಏನರೆ ಹೇಳ್ತೀನಿ" ಎಂದಳು. ಅವಳು ನಮ್ಮವ್ವನಿಗೆ ಹೇಳಿದ್ದು ನಾನು ತೊಗರಿ ರಾಶಿ ನೋಡಲು ಹೋಗಿದ್ದೇನೆ ಎಂದು. ನಮಗೆ ಒಂದು ಗುಂಟೆ ತೊಗರಿಯೂ ಇರಲಿಲ್ಲ ಎಂಬುದು ಅವ್ವನಿಗೆ ಹೇಗೆ ಹೊಳೆಯಲಿಲ್ಲವೋ ದೇವರೇ ಬಲ್ಲ.

ರಾವೂರಿನ ಆಚೆ ಚಾಚಾನ ಎರಡೆಕರೆ ಜೋಳದ ಹೊಲವಿತ್ತು. ಪಕ್ಕದಲ್ಲಿ ತೊಗರಿ ಕೊಯ್ದು ಬಯಲಾದ ಹೊಲ, ಅದರ ಅಂಚಿಗೆ ಗಣಿಯಿಂದ ತೆಗೆದ ಪರ್ಸಿ ಕಲ್ಲುಗಳ ಒಟ್ಟಿಲು. ಎಳ್ಳಮಾಸಿ ಮುಗಿದ ವಾರ, ಜೋಳ ಹಾಲುಗಾಳು. ನಸುಕಿನಲ್ಲಿ ಚಿಗರಿಗಳು ತೊಗರಿ ಬಯಲು ದಾಟಿ ಜೋಳಕ್ಕೆ ಬರುತ್ತವೆ. ನಾವು ಕಲ್ಲಿನ ಹಿಂದೆ ಕೂಡಬೇಕು. ಹೊಲ ಮುಟ್ಟಿದ ಕೂಡಲೆ ಚಾಚಾ ನನಗೆ 'ರಿ' ಹಚ್ಚುವುದನ್ನು ಬಿಟ್ಟರು. ಕಟ್ಟೆಯ ಮೇಲೆ ನಾನು ಸಾವ್ಕಾರ, ಇಲ್ಲಿ ಅವರೇ ಉಸ್ತಾದ. ನನಗೆ ಅದು ಹಿತವಾಗಿತ್ತು.

"ನೋಡು, ಮೊದಲು ಮದ್ದು. ಅದರ ಮ್ಯಾಲೆ ಚಿಂದಿ. ಜಡಿ. ಇನ್ನ ಜಡಿ. ಗಜ ತಾನ ಪುಟಿದು ಕುಣೀಬೇಕು. ಆಮ್ಯಾಲೆ ಛರ್ರಾ, ಮತ್ತ ಚಿಂದಿ. ನಾಕು ಗಿರಹ ಹೊರಗ ಉಳದ್ರ ಸರಿ."

ಅವರು ಅಳೆಯುತ್ತಿದ್ದದ್ದು ಕಣ್ಣಿನಿಂದ ಅಲ್ಲ. ನಳಿಗೆಯಿಂದ ಹೊರಗುಳಿದ ಗಜದ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಿದ್ದರು. ಛರ್ರಾ ಎಂದರೆ ಸೀಸದ ಸಣ್ಣ ಗುಂಡು, ಚಿಂದಿ ಎಂದರೆ ಅವರು ಹೊಲಿದು ಉಳಿದ ಬಟ್ಟೆಯ ಚೂರು. ಯಾರದೋ ಕುಪ್ಪಸದ ಹೂವು, ಯಾರದೋ ಲುಂಗಿಯ ಚೌಕಳಿ, ಎಲ್ಲ ನಮ್ಮ ಅಂಗಡಿಯದ್ದೇ. ಅದನ್ನು ಬಂದೂಕಿಗೆ ತುಂಬುವಾಗ ನನಗೆ ಇಡೀ ಚಿತ್ತಾಪುರವೇ ಬೇಟೆಗೆ ಬಂದಂತೆ ಅನ್ನಿಸಿತು.

ಷರತ್ತು ಮೂರು ಹೇಳಿದರು. ಕೋಡು ಕಂಡರೆ ಮಾತ್ರ ಹೊಡಿ, ಹೆಣ್ಣು ಬಸುರಿ ಇದ್ದೀತು. ನಲವತ್ತು ಗಜದೊಳಗೆ ಬಂದರೆ ಮಾತ್ರ ಹೊಡಿ. ಮತ್ತು, "ಕೊಲ್ಲಬ್ಯಾಡ. ಬೀಳಿಸು. ಕಾಲಿಗೆ ಹಿಡಿ."

ಮೊದಲ ಬೆಳಗು ನಾನು ಗುರಿ ತಪ್ಪಿದೆ. ತಪ್ಪಿದ್ದು ಯಾಕೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಕೋಡಿನ ಚಿಗರಿ ನಿಂತಿತು, ನಾನು ನಲವತ್ತು ಎಂದು ಅಳೆದೆ, ಬಂದೂಕಿನ ಕುದುರೆ ಎಳೆದೆ. ಛರ್ರಾ ಎಲ್ಲ ಅದರ ಮುಂದಿನ ಮಣ್ಣಿಗೆ ಬಿದ್ದು ದೂಳೆದ್ದಿತು. ಗಣಿಯಲ್ಲಿ ದಿನಾ ಸುರಂಗ ಹಾರಿಸುವ ಸದ್ದು ಕೇಳಿ ಕೇಳಿ ಆ ಚಿಗರಿಗಳಿಗೆ ಸದ್ದಿನ ಹೆದರಿಕೆಯೇ ಇರಲಿಲ್ಲ. ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿ ಮತ್ತೆ ಮೇಯತೊಡಗಿದವು. ಅಷ್ಟು ಅವಮಾನ ನನಗೆ ಮದುವೆಯ ಹೆಣ್ಣು ನೋಡಲು ಹೋದಾಗಲೂ ಆಗಿರಲಿಲ್ಲ.

"ಎಷ್ಟಿತ್ತು?" ಎಂದರು ಚಾಚಾ.

"ನಲವತ್ತು."

"ಏನು ನಲವತ್ತು?"

ಆಗ ಹೊಳೆಯಿತು. ಎರಡು ವರ್ಷ ಮೀಟರ್ ಹಿಡಿದು ಹಿಡಿದು ಕಣ್ಣು ನಲವತ್ತು ಮೀಟರ್ ಅಳೆದಿತ್ತು. ಮೂರು ಗಜ ಹನ್ನೆರಡು ಗಿರಹ ಹೆಚ್ಚು! ಚಾಚಾ ಹಣೆ ಬಡಿದುಕೊಂಡು ನಕ್ಕರು. "ಯಾ ಅಲ್ಲಾ! ಸರಕಾರ ನಿನ್ನ ಕಣ್ಣಾಗ ಕುಂತದಲ್ಲೋ ತಮ್ಮಾ." ಆಮೇಲೆ ನಗು ನಿಲ್ಲಿಸಿ ನಳಿಗೆ ಒರೆಸತೊಡಗಿದರು. ಹಿಂದಿನ ಸಂಜೆ ನಾವು ಮನೆ ಬಿಡುವಾಗ ಜುಬೇದಾ ಗೋಡೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಇಬ್ಬರಿಗೂ ಅದೇ ನೆನಪಾಗಿರಬೇಕು. ಬರಿಗೈಯಲ್ಲಿ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇನ್ನೊಂದು ದಿನ ಹೊಲದ ಗುಡಿಸಲಲ್ಲೇ ಉಳಿದೆವು.

ಎರಡನೆಯ ಬೆಳಗು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಎಷ್ಟು ಸಲ ಬಂದಿದೆಯೆಂದರೆ ಯಾವುದು ಆಗಿದ್ದು, ಯಾವುದು ಕನಸು ಕೂಡಿಸಿದ್ದು ಎಂದು ಬೇರ್ಪಡಿಸಲಾರೆ. ಮಂಜು ಬಿದ್ದಿತ್ತು. ಜೋಳದ ಎಲೆಗಳಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ದೂರ ವಾಡಿಯ ಕಡೆ ಗೂಡ್ಸ್ ಗಾಡಿ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಪರ್ಸಿ ಕಲ್ಲಿನ ತಂಪು ಗಲ್ಲಕ್ಕೆ ತಾಗುತ್ತಿತ್ತು, ನನಗೆ ಅರೆನಿದ್ದೆ. ಕಣ್ಣು ಮುಚ್ಚಿತೋ ತೆರೆಯಿತೋ, ಎದುರಿನ ಬಿಳುಪಿನಲ್ಲಿ ಎರಡು ತಿರುಚು ಕೋಡು ಮೂಡಿದವು. ಬರೀ ಕೋಡು. ಆಮೇಲೆ ಕಿವಿ, ಆಮೇಲೆ ಕತ್ತು. ಮೈ ಪೂರ್ತಿ ಕಪ್ಪಾಗದ ಎಳೆಯ ಗಂಡು. ಒಂಟಿ. ಅದು ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿದೆ ಅನ್ನಿಸಲಿಲ್ಲ.

ನಾನು ಈ ಸಲ ಸರಕಾರವನ್ನು ಕಣ್ಣಿನಿಂದ ಇಳಿಸಿದೆ. ನನ್ನ ಮೊಣಕಾಲಿನಿಂದ ಆ ಚಿಗರಿಯ ತನಕ ಮಲ್‌ಮಲ್ ಬಟ್ಟೆಯ ಥಾನು ಬಿಚ್ಚಿ ಹಾಸುತ್ತ ಹೋದೆ. ನಮ್ಮ ಅಂಗಡಿಯ ಥಾನಿಗೆ ಇಪ್ಪತ್ತು ಗಜ. ಒಂದು ಥಾನು ಮುಗಿಯಿತು. ಎರಡನೆಯದು ಮುಗಿಯಿತು. ಚಿಗರಿ ಇನ್ನೂ ಅರ್ಧ ಥಾನಿನಾಚೆ ಇತ್ತು. ಬಾ, ಇನ್ನೆರಡು ಹೆಜ್ಜೆ ಬಾ ಎಂದು ಮನಸ್ಸಿನಲ್ಲಿ ಕರೆದೆ. ಬಂತು. ಬಿಳಿ ಬಟ್ಟೆಯ ಮೇಲೆ ಅದು ನಡೆದು ಬರುವುದನ್ನು ನೋಡುತ್ತ ನಾನು ಹೊಡೆಯುವುದನ್ನೇ ಮರೆತೆ. ನಾನು ಉಸಿರು ಬಿಗಿಹಿಡಿದದ್ದು ತಿಳಿದು ಹಿಂದಿನಿಂದ ಚಾಚಾ ಬೆನ್ನಿಗೆ ಬೆರಳು ಚುಚ್ಚಿದರು.

ಕುದುರೆ ಎಳೆದೆ. ಹೆಗಲಿಗೆ ಒದ್ದಂತಾಯಿತು. ಹೊಗೆ ಮುಚ್ಚಿತು. ಹೊಗೆಯೊಳಗಿಂದ ಅರೆಸುಟ್ಟ ಚಿಂದಿಯ ಚೂರುಗಳು ಅಂಚಿಗೆ ಕೆಂಡ ಹಿಡಿದು ಮೆಲ್ಲಗೆ ಇಳಿಯತೊಡಗಿದವು. ಅದರಲ್ಲೊಂದು ಕುಪ್ಪಸದ ಹೂವು. ಅದನ್ನೇ ನೋಡುತ್ತ ನಿಂತಿದ್ದೆ.

"ಬಿತ್ತೇನು? ಏ, ಬಿತ್ತೇನು?"

ಬಿದ್ದಿತ್ತು. ನಾನು ಓಡಿದೆ. ತೊಗರಿ ಕೂಳೆ ಅಂಗಾಲಿಗೆ ಚುಚ್ಚುತ್ತಿದ್ದವು. ಚಪ್ಪಲಿ ಎಲ್ಲಿ ಬಿಟ್ಟೆನೋ. ಹಿಂಗಾಲು ಮುರಿದು, ಮುಂಗಾಲಿನಿಂದ ಏಳಲು ನೋಡುತ್ತಿತ್ತು. ಹೊಟ್ಟೆಯ ಮೇಲೂ ರಕ್ತ. ಕಾಲಿಗೆ ಹಿಡಿ ಎಂದರೆ ಛರ್ರಾ ಕೇಳಬೇಕಲ್ಲ. ನಾನು ಅದರ ಕೋಡು ಹಿಡಿದು, ಮೈಮೇಲೆ ಒರಗಿ, ಕೂತುಬಿಟ್ಟೆ. ಅದು ನನ್ನನ್ನು ನೋಡಿತು. ಅಷ್ಟು ಹತ್ತಿರದಿಂದ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ನನಗೆ ಅಳು ಬಂತು. ಅತ್ತೆ.

"ಚಾಚಾ, ಈ ಕಡೆ! ಜಲ್ದಿ ಬರ್ರಿ!"

ಚಾಚಾ ಮಂಜಿನಲ್ಲಿ ಕೈ ಮುಂದೆ ಚಾಚಿಕೊಂಡು ಬರುತ್ತಿದ್ದರು. ನಾನು ಕೂಗಿ ಹೇಳುತ್ತಿದ್ದೆ: ಎಡಕ್ಕೆ, ಇನ್ನು ಮೂವತ್ತು ಗಜ, ನೆಟ್ಟಗೆ, ಇಪ್ಪತ್ತೈದು. ಆಮೇಲೆ ಧಪ್ ಎಂದು ಸದ್ದಾಯಿತು.

"ಛೂರಿ ಬಿತ್ತೋ ತಮ್ಮಾ! ಕೈಯಾಗಿಂದು ಜಾರಿ ಬಿತ್ತು. ಸಿಗವಲ್ದು!"

ಅವರು ಸಾಲಿನಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ತಡಕುತ್ತಿದ್ದರು. ನಾನು ಎದ್ದುಹೋದರೆ ಚಿಗರಿ ಏಳುತ್ತದೆ ಎಂಬ ಹೆದರಿಕೆ. ಆಮೇಲೆ, ಎದ್ದರೆ ಏಳಲಿ ಎಂದೂ ಅನ್ನಿಸಿತು. ಆದರೆ ಅದು ಏಳುವ ಸ್ಥಿತಿಯಲ್ಲಿರಲಿಲ್ಲ. ಕೈಕೆಳಗೆ ಅದರ ಉಸಿರು ಸಣ್ಣದಾಗುತ್ತಿತ್ತು. ಈಗ ಸತ್ತರೆ ಎಲ್ಲ ಸುಳ್ಳು. ಅದು ಸತ್ತದ್ದೂ ಸುಳ್ಳು, ಜುಬೇದಾ ಕಾದದ್ದೂ ಸುಳ್ಳು. ಒಂದು ಕೈ ಅದರ ಎದೆಯ ಮೇಲಿಟ್ಟು, ಕಿವಿಯ ಹತ್ತಿರ ಬಾಗಿ, ನಾನು ಬೇಡಿಕೊಳ್ಳತೊಡಗಿದೆ. "ಸಾಯಬ್ಯಾಡೋ ಯಪ್ಪಾ, ಸಾಯಬ್ಯಾಡ. ಇನ್ನೊಂದು ಈಟು ತಡಿ." ಹೊಡೆದವನೂ ನಾನೇ, ಸಾಯಬೇಡ ಎಂದು ಕಾಲು ಹಿಡಿದವನೂ ನಾನೇ. ನನ್ನ ಬಾಯಿಂದ ಯಾವ ದೇವರ ಹೆಸರು ಬಂದವೋ ನೆನಪಿಲ್ಲ. ಅಂಗಿಯೊಳಗೆ ಲಿಂಗದ ಕರಡಿಗೆ ಚಿಗರಿಯ ಮೈಗೆ ಒತ್ತುತ್ತಿತ್ತು.

"ಸಿಕ್ತು, ಸಿಕ್ತು!"

ಅವರು ನನ್ನ ದನಿ ಹಿಡಿದು ತೆವಳಿಕೊಂಡೇ ಬಂದರು. ಮೈಯೆಲ್ಲ ಎರೆ ಮಣ್ಣು. ಎಡಗೈಯಿಂದ ಕೊರಳು ಹುಡುಕಿದರು. ಛೂರಿ ಎತ್ತಿ, ತಡೆದು, ಮುಖವನ್ನು ನನ್ನ ಕಡೆ ತಿರುಗಿಸಿದರು. ಆ ಮಂಜು ಕಣ್ಣುಗಳು ನನ್ನ ಹೆಗಲಾಚೆ ಎಲ್ಲೋ ನೋಡುತ್ತಿದ್ದವು.

"ಜೀವ ಅದ?"

ನನ್ನ ಕೈ ಅದರ ಎದೆಯ ಮೇಲಿತ್ತು. ಅಂಗೈಯೊಳಗೆ ಏನೋ ಬಡಿಯುತ್ತಿತ್ತು, ಡಬ ಡಬ ಡಬ. ಓಡಿಬಂದು, ಅತ್ತು, ಹೆದರಿ, ನನ್ನ ರಕ್ತ ಬೆರಳ ತುದಿಯ ತನಕ ಕುಣಿಯುತ್ತಿತ್ತು. ಬಡಿದದ್ದು ಅದರ ಎದೆಯೋ, ನನ್ನ ಅಂಗೈಯೋ?

"ಅದ" ಅಂದೆ.

"ಬಿಸ್ಮಿಲ್ಲಾ, ಅಲ್ಲಾಹು ಅಕ್ಬರ್."

ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣಿದೆ ಎಂದೇ ನನ್ನನ್ನು ಕರೆತಂದಿದ್ದರು. ರಕ್ತ ಚಿಮ್ಮಿತೋ ಇಲ್ಲವೋ ನೋಡಬೇಕಾದ ಗಳಿಗೆಯಲ್ಲಿ ಮುಚ್ಚಿಕೊಂಡೆ. ತೆರೆದಾಗ ಚಾಚಾ ಛೂರಿ ಮಣ್ಣಿಗೆ ಒರೆಸುತ್ತಿದ್ದರು. ತಮ್ಮ ಬಲಗೈಯನ್ನು ಒಮ್ಮೆ ತಿರುಗಿಸಿ, ಬೆರಳು ಬೆರಳಿಗೆ ಉಜ್ಜಿ ನೋಡಿದರು. ಬಟ್ಟೆಯ ನೂಲು ಪರೀಕ್ಷಿಸುವಾಗ ಹಾಗೆ ಮಾಡುವುದು ಅವರ ರೂಢಿ. "ಚಲೋ ಆತು. ನಡಿ" ಎಂದರು.

ಹೊಲಕ್ಕೆ ಒಯ್ದಿದ್ದ ಬಂಡಿಯಲ್ಲಿ ಚಿಗರಿ ಹಾಕಿಕೊಂಡು ಊರಿಗೆ ಬರುವಾಗ ದಾರಿಯಲ್ಲಿ ಗಣಿಯ ಕೂಲಿಗಳ ಜೋಪಡಿಗಳಿದ್ದವು.

"ನಿಲ್ಲಸು" ಎಂದರು ಚಾಚಾ. ಕೂಲಿಗಳನ್ನು ಕರೆದು, ಅಲ್ಲೇ ಚಿಗರಿ ಕೊಯ್ಯಿಸಿ, ಒಂದು ತೊಡೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅವರಿಗೆ ಕೊಟ್ಟುಬಿಟ್ಟರು. "ಅಷ್ಟೂ?" ಎಂದೆ. "ಬಯಕಿಗೆ ಎಷ್ಟು ಬೇಕು? ಇಷ್ಟು ಸಾಕು" ಎಂದರು. ಎಂಥ ದೊಡ್ಡ ಮನಸ್ಸು ಎಂದು ಅವತ್ತು ಊರು ಬರುವ ತನಕ ಮನಸ್ಸಿನಲ್ಲೇ ಹೊಗಳಿದೆ.

ನೀಲಮ್ಮ ನನಗೆ ಹಿತ್ತಲಲ್ಲೇ ಎರಡು ಹಂಡೆ ನೀರು ಸುರಿದಳು. ಅಂಗಿಯನ್ನು ಅವ್ವನಿಗೆ ಕಾಣದಂತೆ ಒಲೆಗೆ ಹಾಕಿದಳು. ಒಂದೇ ಪ್ರಶ್ನೆ ಕೇಳಿದಳು: "ಆತೇನ್ರಿ?" ನಾನು ಹೂಂ ಅಂದೆ. ಊಟ ಸೇರಲಿಲ್ಲ, ಅಂಗಡಿಗೆ ಹೋಗಿ ಕುಂತೆ. ಮಧ್ಯಾಹ್ನ ಚಾಚಾ ಬಂದು ಮಷಿನ್ ಮುಂದೆ ಕುಂತರು. "ಎರಡು ಸಲ ನೀಡಿಸ್ಕೊಂಡಳು. ಹೊಟ್ಟ್ಯಾಗ ನಿಂತದ. ಮಲಗ್ಯಾಳ" ಎಂದರು. ನನಗೆ ಆದ ಸಂತೋಷ ಹೇಳಲಾರೆ. ಅಂಗಡಿಯ ಹೊಸ ಮೀಟರನ್ನೂ ಅವತ್ತು ಕ್ಷಮಿಸಿಬಿಟ್ಟೆ. ಹತ್ತು ಸೂಜಿಗೆ ದಾರ ಪೋಣಿಸಿಕೊಟ್ಟೆ.

ಜುಬೇದಾಳಿಗೆ ಅವತ್ತಿನಿಂದ ಅನ್ನ ಹಿಡಿಯಿತು. ಗಂಡು ಕೂಸು ಹುಟ್ಟಿತು, ಉಳಿಯಿತು. ಚಾಚಾ ಬಂದೂಕನ್ನು ಪೊಲೀಸರಿಗೆ ಒಪ್ಪಿಸಿ, "ನಿಮ್ಮ ಗಜ ನಿಮಗ್ರಿ" ಎಂದು ಮಸಿ ಹತ್ತಿದ ಸರಳನ್ನು ತಂದುಕೊಟ್ಟರು. ಆಮೇಲೆ ಹತ್ತು ಹನ್ನೆರಡು ವರ್ಷ ಇದ್ದರು. ಆ ಬೆಳಗಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಷ್ಟೋ ಸಲ ಅವರ ಮುಂದೆ ಕುಂತು, ಚಾಚಾ, ಅವತ್ತು ನಾನು ಅದ ಅಂದಿದ್ದು ಎಂದು ಶುರು ಮಾಡಬೇಕೆಂದುಕೊಂಡೆ. ಸೂಜಿಗೆ ದಾರ ಪೋಣಿಸಿಟ್ಟು ಎದ್ದುಬಿಟ್ಟೆ. ನನ್ನ ಕೈಯಿಂದ ಒಂದು ಗಜ ಕಡಿಮೆಯಾಗಿ ಹೋಗಿದ್ದರೆ ಅದು ಅದೊಂದೇ. ಹೋಗಿತ್ತೋ ಇಲ್ಲವೋ ಗೊತ್ತಿಲ್ಲದಿರುವುದೇ ಕಷ್ಟ. ಚಾಚಾ ತಿಳಿದಿರಲಿಲ್ಲ ಎಂಬ ಸಮಾಧಾನವಾದರೂ ಇತ್ತು.

ಹೋದ ವಾರ ಜುಬೇದಾ ಬಂದಿದ್ದಳು. ಆ ಕೂಸಿನದೇ ಈಗ ಮದುವೆ. "ಅಣ್ಣಾ, ನಿಮಗ ಬ್ಯಾರೆ ಮನ್ಯಾಗ ಶಾಕಾಹಾರಿ ಅಡಿಗಿ ಮಾಡಸ್ಲಿಕತ್ತೀವ್ರಿ, ಬರಲಾರದಂಗ ಇರಬ್ಯಾಡ್ರಿ" ಎಂದು ಹೇಳುತ್ತ ಹೇಳುತ್ತ ಪರದೆಯ ಕಡೆ ನೋಡಿ ಎದ್ದುಹೋದಳು. ಮಸಿ ಹತ್ತಿದ ಸರಳಿನ ಮೇಲೆ ಕೈಯಾಡಿಸಿದಳು.

"ಇದ ಅಲ್ಲೇನಣ್ಣಾ? ಅಬ್ಬಾಂದು ಗಜ?"

ನೀಲಮ್ಮ ಹೌದೆಂದಳು.

"ಆವತ್ತಿಂದು ನೆನಸಿದ್ರ ಈಗೂ ಸಂಕಟ ಆಗ್ತದ ನೋಡ್ರಿ. ಆ ಚಿಗರಿ ಅಬ್ಬಾ ನನಗೊಬ್ಬಾಕಿಗೇ ನೀಡಿದ. ಅಮ್ಮೀಗೂ ಕೊಡ್ಲಿಲ್ಲ, ಬಯಕಿ ಊಟ, ಯಾರೂ ಪಾಲು ಕೇಳಬಾರದು ಅಂದ. ನೀ ಒಂದು ತುಂಡರೆ ತಿನ್ನು ಅಬ್ಬಾ ಅಂತ ಎಷ್ಟು ಕೇಳಿಕೊಂಡೆ. ಹಲ್ಲು ಭಾಳ ನೋಯ್ಲಿಕತ್ತಾವ ಬೇಟಿ, ಕಡೀಲಿಕ್ಕೆ ಆಗಂಗಿಲ್ಲ ಅಂದ. ಅಷ್ಟು ಕಷ್ಟಪಟ್ಟು ತಂದಂವ ಒಂದು ತುಂಡು ಬಾಯಿಗಿಡಲಿಲ್ಲ, ಪಾಪ."

ನೀಲಮ್ಮ ನನ್ನ ಮುಖ ನೋಡಿ ಚಹಾ ತರಲು ಒಳಗೆ ಹೋದಳು, ಪರದೆ ಸರಿಯಿತು, ಗಜ ಸಣ್ಣಗೆ ಸದ್ದು ಮಾಡಿತು. ಆ ಮಧ್ಯಾಹ್ನ ನಾನು ಪೋಣಿಸಿಕೊಟ್ಟ ಹತ್ತೂ ಸೂಜಿಯ ದಾರವನ್ನು ಚಾಚಾ ಕಟ್ಟೆಯ ಮೇಲೆ ಕುಂತು, ಒಂದೊಂದಾಗಿ, ಹಲ್ಲಿನಿಂದಲೇ ಕಡಿದಿದ್ದರು.